ಇಷ್ಟು ಒಳ್ಳೆ ಫೋನ್ ಇದ್ದೂ ಗೇಮ್ ಆಡೋಕೆ ಬೇರೆ ಡಬ್ಬಿ ಯಾಕೆ?

ಕೈಯಲ್ಲಿ ಹ್ಯಾಂಡ್‌ಹೆಲ್ಡ್ ಕನ್ಸೋಲ್ (ಕೈಲಿ ಹಿಡ್ಕೊಂಡು ಆಡೋ ಗೇಮ್ ಯಂತ್ರ) ನೋಡಿದವರೆಲ್ಲ ನನ್ನ ಕೇಳೋದು ಇದನ್ನೇ. ಜೇಬಲ್ಲಿ ಅಷ್ಟು ಪವರ್‌ಫುಲ್ ಫೋನ್ ಇದೆ, ಅದ್ರಲ್ಲೇ ಆಡಬಹುದಲ್ಲ, ಇದೊಂದು ಎಕ್ಸ್‌ಟ್ರಾ ಹೊರೆ ಯಾಕೆ ಅಂತ. ನ್ಯಾಯವಾದ ಪ್ರಶ್ನೆನೇ, ಬೇಜಾರೇನಿಲ್ಲ. ಆದ್ರೆ ಕೇಳೋರ ತಲೇಲಿ ಇರೋದು ಪ್ರೊಸೆಸರ್ ಲೆಕ್ಕ, ನನ್ನ ಉತ್ತರಕ್ಕೂ ಪ್ರೊಸೆಸರ್‌ಗೂ ಹೆಚ್ಚು ಸಂಬಂಧನೇ ಇಲ್ಲ.

ಪವರ್ ವಿಷ್ಯ ಮೊದ್ಲೇ ಮುಗಿಸಿಬಿಡೋಣ, ಅದ್ರಲ್ಲಿ ಫೋನೇ ಗೆದ್ದಿದೆ. 2017ರ ಮಾರ್ಚ್‌ನಲ್ಲಿ ನಿಂಟೆಂಡೊ ಸ್ವಿಚ್ ಬಂದಾಗ ಅದರೊಳಗಿದ್ದದ್ದು ಎನ್ವಿಡಿಯಾದ ಟೆಗ್ರಾ ಎಕ್ಸ್1, ಅಂದ್ರೆ 2015ರಲ್ಲೇ ಬಂದಿದ್ದ ಚಿಪ್, ಹೊಸ ಕನ್ಸೋಲ್ ಹುಟ್ಟುವಾಗ್ಲೇ ಎರಡು ವರ್ಷ ಹಳೇದು. ಸ್ಕ್ರೀನೂ ಬರೀ 720ಪಿ. ದುಬಾರಿ ಫೋನ್‌ಗಳು ಅದನ್ನ ಬೇಗನೇ ದಾಟಿ ಹೋದ್ವು. ಆದ್ರೂ ಸ್ವಿಚ್ 15 ಕೋಟಿಗಿಂತ ಜಾಸ್ತಿ ಮಾರಾಟ ಆಯ್ತು. ಅಷ್ಟು ಜನರ ಜೇಬಲ್ಲೂ ಫೋನ್ ಇತ್ತಲ್ವಾ, ಇಲ್ಲದೇ ಇರೋರು ಯಾರು.

ಇದೇನು ಹೊಸ ಕಥೆನೂ ಅಲ್ಲ ಬಿಡಿ. 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಬಂದಾಗ ಅದ್ರಲ್ಲಿ ಬಣ್ಣ ಇಲ್ಲ, ಸ್ಕ್ರೀನ್ ಹಿಂದೆ ಲೈಟ್ ಇಲ್ಲ, ಹಸಿರು ಹಸಿರಾಗಿ ಮಂಕಾಗಿ ಕಾಣ್ತಿತ್ತು. ಮರು ವರ್ಷ ಸೆಗಾದವರು ಗೇಮ್ ಗೇರ್ ತಂದ್ರು, ಬಣ್ಣ, ಬ್ಯಾಕ್‌ಲೈಟ್ ಎರಡೂ ಇತ್ತು, ಪಕ್ಕಪಕ್ಕ ಇಟ್ರೆ ಗೇಮ್ ಬಾಯ್ ಪಾಪ ಅನ್ಸೋದು. ಆದ್ರೆ ಗೇಮ್ ಗೇರ್ ಆರು ಸೆಲ್ ಹಾಕಿದ್ರೂ ಮೂರ್ನಾಲ್ಕು ಗಂಟೆಗೆ ಸುಸ್ತು, ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಅದರ ಎಷ್ಟೋ ಪಟ್ಟು ಹೊತ್ತು ಓಡ್ತಿತ್ತು. ಅದನ್ನ ರೂಪಿಸಿದ ಗುನ್‌ಪೇ ಯೊಕೊಯ್ ಹಳೇ, ಅಗ್ಗದ, ಚೆನ್ನಾಗಿ ಪಳಗಿದ ತಂತ್ರಜ್ಞಾನನೇ ಹೊಸ ಥರ ಬಳಸೋಣ ಅನ್ನೋ ಮನುಷ್ಯ. ಕೊನೆಗೆ ಗೆದ್ದಿದ್ದು ಗೇಮ್ ಬಾಯೇ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ಬಟನ್ ಅಂತ ಹೇಳಿದ್ರೆ ಅರ್ಧ ಉತ್ತರ. ಗ್ಲಾಸ್ ಮೇಲೆ ಬರೆದಿರೋ ಬಟನ್‌ನ ಬೆರಳು ಹುಡುಕೋಕೆ ಆಗಲ್ಲ, ಕಣ್ಣೇ ಹುಡುಕಬೇಕು, ಆದ್ರೆ ಕಣ್ಣು ಇರಬೇಕಾದ್ದು ಗೇಮ್ ಮೇಲೆ. ಅದರ ಜೊತೆ ಎರಡು ಹೆಬ್ಬೆರಳು ಸೇರಿ ಸ್ಕ್ರೀನ್‌ನ ಒಂದಷ್ಟು ಭಾಗ ಮುಚ್ಚಿಬಿಡ್ತವೆ, ಶತ್ರು ಸರಿಯಾಗಿ ಆ ಮೂಲೆಯಿಂದ್ಲೇ ಬರ್ತಾನೆ ಬೇರೆ. ತಮಾಷೆ ಏನಂದ್ರೆ ಒಂದು ಕಾಲದಲ್ಲಿ ಫೋನಿಗೂ ಬಟನ್ ಇತ್ತು, 1997ರ ನೋಕಿಯಾ 6110ರಲ್ಲಿ ಹಾವಿನ ಆಟ ಆಡ್ತಿದ್ದದ್ದು ನಂಬರ್ ಕೀಗಳಲ್ಲೇ, ಹೆಬ್ಬೆರಳಿಗೆ ಎಲ್ಲಾ ಗೊತ್ತಿರೋದು, ಕೆಳಗೆ ನೋಡೋ ಕೆಲಸನೇ ಇರ್ಲಿಲ್ಲ.

ಆದ್ರೆ ಬಟನ್ ಒಂದೇ ಸಮಸ್ಯೆ ಆಗಿದ್ರೆ ಅದು ಯಾವತ್ತೋ ಬಗೆಹರೀಬೇಕಿತ್ತು. 2003ರಲ್ಲೇ ನೋಕಿಯಾ ಎನ್-ಗೇಜ್ ಅಂತ ಫೋನೂ ಕನ್ಸೋಲೂ ಎರಡೂ ಆಗಿರೋದನ್ನ ತಂದ್ರು (ಗೇಮ್ ಕಾರ್ಡ್ ಬದಲಾಯಿಸೋಕೆ ಬ್ಯಾಟರಿ ಬಿಚ್ಚಬೇಕು, ಮಾತಾಡೋಕೆ ಫೋನಿನ ಅಂಚನ್ನ ಕಿವಿಗೆ ಇಡಬೇಕು, ಯಾರು ಒಪ್ಪಿದ್ರೋ ಅದಕ್ಕೆ). 2011ರಲ್ಲಿ ಎಕ್ಸ್‌ಪೀರಿಯಾ ಪ್ಲೇ ಅನ್ನೋ ಫೋನ್ ಬಂತು, ಸ್ಲೈಡ್ ಮಾಡಿದ್ರೆ ಪೂರ್ತಿ ಗೇಮ್‌ಪ್ಯಾಡ್ ಹೊರಗೆ ಬರೋದು, ಚೆನ್ನಾಗೂ ಇತ್ತು, ನಿಲ್ಲಲಿಲ್ಲ. ಈಗ ಫೋನ್ ಎರಡೂ ಕಡೆ ಸಿಕ್ಕಿಸೋ ಕಂಟ್ರೋಲರ್‌ಗಳು ಬೇಕಾದಷ್ಟು ಸಿಗ್ತವೆ, ಹಿಡಿಯೋಕೆ ಹೆಚ್ಚುಕಮ್ಮಿ ಸ್ವಿಚ್ ಥರನೇ ಇರ್ತವೆ.

ಇಲ್ಲೇ ನಾನು ಹೇಳಬೇಕಾದ್ದು ಇರೋದು. ಗೇಮ್ ಮಾಡೋರ ಕಡೆಯಿಂದ ಯೋಚ್ನೆ ಮಾಡಿ. ಕನ್ಸೋಲ್‌ಗೆ ಗೇಮ್ ಮಾಡುವಾಗ ಕೊಳ್ಳೋ ಪ್ರತಿಯೊಬ್ಬರ ಕೈಲೂ ಅವೇ ಬಟನ್, ಅದೇ ಚಿಪ್, ಹೆಚ್ಚುಕಮ್ಮಿ ಅದೇ ಸ್ಕ್ರೀನ್ ಇರತ್ತೆ ಅಂತ ಗೊತ್ತು, ಆಡೋನು ಮೊದಲೇ ದುಡ್ಡು ಕೊಟ್ಟು ಒಂದು ಅರ್ಧ ಗಂಟೆನಾದ್ರೂ ಕೂತ್ಕೋತಾನೆ ಅಂತನೂ ಗೊತ್ತು. ಫೋನಲ್ಲಿ ಇದ್ಯಾವುದೂ ಗ್ಯಾರಂಟಿ ಇಲ್ಲ. ಸಾವಿರಾರು ಮಾಡೆಲ್‌ಗಳು, ಕಂಟ್ರೋಲರ್ ಇಟ್ಕೊಂಡಿರೋರು ನೂರಕ್ಕೆ ಎಷ್ಟೋ, ಆದ್ರಿಂದ ಟಚ್‌ನಲ್ಲಿ ನಡೆಯೋ ಹಾಗೇ ಮಾಡಬೇಕು, ಎರಡು ನಿಮಿಷದಲ್ಲಿ ಹಿಡಿಸದಿದ್ರೆ ಡಿಲೀಟ್, ಮತ್ತೆ ಫ್ರೀ ಇರಬೇಕು. ಫ್ರೀ ಕೊಟ್ಟ ಮೇಲೆ ದುಡ್ಡು ಎಲ್ಲಿಂದಾದ್ರೂ ಬರಲೇಬೇಕಲ್ಲ. ಆ ದುಡ್ಡಿನ ದಾರಿನೇ ಗೇಮ್‌ನ ಆಕಾರ ನಿರ್ಧಾರ ಮಾಡಿಬಿಡತ್ತೆ: ಆಡ್ಸ್, ಎನರ್ಜಿ ಖಾಲಿ ಆಯ್ತು ನಾಳೆ ಬನ್ನಿ ಅನ್ನೋದು, ಗಾಚಾ (ಏನು ಸಿಗತ್ತೋ ಗೊತ್ತಿಲ್ದೆ ಲಾಟರಿ ಥರ ದುಡ್ಡು ಹಾಕೋದು), ದಿನಾ ಲಾಗಿನ್ ಆದ್ರೆ ಗಿಫ್ಟು.

ನಿಂಟೆಂಡೊದವರೇ ಇದನ್ನ ಅನುಭವಿಸಿ ನೋಡಿದ್ರು. 2016ರ ಡಿಸೆಂಬರ್‌ನಲ್ಲಿ ಫೋನಿಗೆ ಸೂಪರ್ ಮಾರಿಯೋ ರನ್ ತಂದ್ರು, ಒಂದು ಸಲ ದುಡ್ಡು ಕೊಡಿ, ಪೂರ್ತಿ ಗೇಮ್ ನಿಮ್ದು. ಜನ ಮುಗಿಬಿದ್ದು ಡೌನ್‌ಲೋಡ್ ಮಾಡಿದ್ರು, ದುಡ್ಡು ಕೊಟ್ಟೋರು ಕಮ್ಮಿ, ಲಾಭ ಅಂದ್ಕೊಂಡಷ್ಟು ಬರ್ಲಿಲ್ಲ ಅಂತ ಕಂಪನಿನೇ ಹೇಳ್ತು. ಎರಡೇ ತಿಂಗಳಿಗೆ ಬಂದ ಫೈರ್ ಎಂಬ್ಲೆಮ್ ಹೀರೋಸ್ ಗಾಚಾ ಗೇಮು, ಹೆಸರಲ್ಲಿ ಮಾರಿಯೋ ಹತ್ರಕ್ಕೂ ಬರಲ್ಲ, ಆದ್ರೆ ಗಳಿಸಿದ್ದು ಎಷ್ಟೋ ಪಟ್ಟು ಜಾಸ್ತಿ. ಇದನ್ನ ನೋಡಿದ ಮೇಲೆ ಯಾವ ಕಂಪನಿ ತಾನೇ ಒಂದೇ ಸಲ ದುಡ್ಡು ತಗೊಂಡು ಮುಗಿಯೋ ದೊಡ್ಡ ಗೇಮ್ ಫೋನಿಗೆ ಅಂತ್ಲೇ ಮಾಡತ್ತೆ? 2023ರಲ್ಲಿ ಐಫೋನ್ 15 ಪ್ರೋಗೆ ರೆಸಿಡೆಂಟ್ ಈವಿಲ್ ವಿಲೇಜ್ ಬಂತು, ಅಸಲಿ ಕನ್ಸೋಲ್ ಗೇಮು, ಓಡತ್ತೆ ಕೂಡ. ಆದ್ರೆ ಅದು ಬೇರೆ ಕಡೆ ಹುಟ್ಟಿ ಫೋನಿಗೆ ನೆಂಟನ ಥರ ಬಂದಿದ್ದು.

ಇನ್ನು ಬಿಸಿ. ಸಾಮಾನ್ಯವಾಗಿ ಫೋನಲ್ಲಿ ಫ್ಯಾನ್ ಇರಲ್ಲ, ಅಷ್ಟು ತೆಳ್ಳಗಿರೋದ್ರಲ್ಲಿ ಹುಟ್ಟಿದ ಶಾಖ ನಿಮ್ಮ ಕೈಗೇ ಬರತ್ತೆ. ಗೆನ್‌ಶಿನ್ ಇಂಪ್ಯಾಕ್ಟ್ ಥರದ ಭಾರೀ ಗೇಮನ್ನ ಫುಲ್ ಸೆಟ್ಟಿಂಗ್‌ನಲ್ಲಿ ಆಡಿ ನೋಡಿ, ಶುರುವಲ್ಲಿ ಸೂಪರ್, ಆಮೇಲೆ ಚಿಪ್ ತಾನೇ ಸ್ಪೀಡ್ ಇಳಿಸ್ಕೊಳತ್ತೆ, ಬ್ರೈಟ್‌ನೆಸ್ಸೂ ಇಳಿಯತ್ತೆ, ಫ್ರೇಮ್‌ಗಳು ಬೀಳೋಕೆ ಶುರು, ಅಂದ್ರೆ ಚಿತ್ರ ತಡವರಿಸತ್ತೆ. ಬೆಂಚ್‌ಮಾರ್ಕ್ (ಫೋನಿನ ಸ್ಪೀಡ್ ಅಳೆಯೋ ಟೆಸ್ಟ್) ನಂಬರ್ ತೋರಿಸೋದು ಮೊದಲ ಕೆಲವು ನಿಮಿಷದ ಫೋನನ್ನ ಮಾತ್ರ. ಸ್ವಿಚ್‌ಗೆ, ಸ್ಟೀಮ್ ಡೆಕ್‌ಗೆ (ಪಿಸಿ ಗೇಮ್ ಆಡೋ ಹ್ಯಾಂಡ್‌ಹೆಲ್ಡ್) ಒಳಗೆ ಫ್ಯಾನ್ ಇದೆ, ಸದ್ದು ಮಾಡತ್ತೆ ನಿಜ, ಆದ್ರೆ ಒಂದು ಗಂಟೆ ಆದ್ಮೇಲೂ ಮೊದಲಿನ ಥರನೇ ಓಡತ್ತೆ. ಬ್ಯಾಟರಿನೂ ಅಷ್ಟೇ, ಕನ್ಸೋಲ್ ಸತ್ರೆ ಗೇಮ್ ನಿಂತ್ಹೋಗತ್ತೆ, ಫೋನ್ ಸತ್ರೆ ಮನೆಯವರು ಹುಡುಕೋಕೆ ಶುರು ಮಾಡ್ತಾರೆ.

ಹಳೇ ಗೇಮ್‌ಗಳ ಗತಿನೂ ನೋಡಿ. 2017ರಲ್ಲಿ ಐಫೋನಿಗೆ ಐಒಎಸ್ 11 ಬಂದಾಗ 32-ಬಿಟ್ ಆ್ಯಪ್‌ಗಳೆಲ್ಲ (ಹಳೇ ಥರದ ಚಿಪ್‌ಗೆ ಅಂತ ಬರೆದವು) ಬಂದ್ ಆದ್ವು, ದುಡ್ಡು ಕೊಟ್ಟು ತಗೊಂಡಿದ್ದ ಎಷ್ಟೋ ಗೇಮ್ ಅಪ್‌ಡೇಟ್ ಮಾಡೋರಿಲ್ದೆ ಹಾಗೇ ಸತ್ವು. 2010ರಲ್ಲಿ ಫೋನಲ್ಲೂ ಹೀಗೆ ಗ್ರಾಫಿಕ್ಸ್ ಬರತ್ತಾ ಅಂತ ಬಾಯಿ ಬಿಟ್ಕೊಂಡು ನೋಡಿದ್ವಲ್ಲ ಇನ್ಫಿನಿಟಿ ಬ್ಲೇಡ್, ಅದನ್ನ 2018ರಲ್ಲಿ ಮಾರಾಟದಿಂದ್ಲೇ ತೆಗೆದ್ರು. ಅದೇ 1989ರ ಗೇಮ್ ಬಾಯ್‌ನ ಗೇಮ್ ತುಂಬಿರೋ ಕಾರ್ಟ್ರಿಜ್‌ನ 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಹಾಕಿದ್ರೂ ಓಡೋದು. ಹಾಗಂತ ಕನ್ಸೋಲ್ ಕಂಪನಿಗಳು ಸಂತರೇನಲ್ಲ, ನಿಂಟೆಂಡೊದ ಇನ್ನೊಂದು ಹ್ಯಾಂಡ್‌ಹೆಲ್ಡ್ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ಗೇ ಮುಗೀತು, ಬರೀ ಡಿಜಿಟಲ್ ಆಗಿ ಸಿಗ್ತಿದ್ದ ಗೇಮ್‌ಗಳನ್ನ ಈಗ ಕೊಳ್ಳೋ ಹಾಗೇ ಇಲ್ಲ.

ಇಷ್ಟೆಲ್ಲ ಹೇಳಿ ಫೋನ್ ಗೇಮಿಂಗ್ ಕೆಟ್ಟದ್ದು ಅಂತ ಮೂಗು ಮುರಿಯೋರ ಗುಂಪಿಗೆ ನನ್ನ ಸೇರಿಸ್ಬೇಡಿ. ಮಾನ್ಯುಮೆಂಟ್ ವ್ಯಾಲಿ, ಥ್ರೀಸ್, ಇವೆಲ್ಲ ಬೆರಳಿಗೇ ಅಂತ ಹುಟ್ಟಿದ ಗೇಮ್‌ಗಳು, ಬಟನ್‌ನಲ್ಲಿ ಆಡಿದ್ರೆ ಮಜಾನೇ ಇರಲ್ಲ. ಬಲಾಟ್ರೋ ಥರದ ಕಾರ್ಡ್ ಗೇಮನ್ನಂತೂ ನಾನು ಫೋನಲ್ಲೇ ಆಡೋದು, ಒಂದು ಕೈ ಸಾಕು, ಮಧ್ಯೆ ಬಿಟ್ಟು ಎದ್ರೂ ಏನೂ ನಷ್ಟ ಇಲ್ಲ. ಚೆಸ್, ಪಝಲ್, ಫ್ರೆಂಡ್ಸ್ ಜೊತೆ ಬ್ಯಾಟಲ್ ರಾಯಲ್, ಇಷ್ಟೇ ನಿಮ್ಮ ಗೇಮಿಂಗ್ ಆಗಿದ್ರೆ ಕನ್ಸೋಲ್ ತಗೋಬೇಡಿ, ಡ್ರಾಯರ್‌ನಲ್ಲಿ ಧೂಳು ಹಿಡಿಯತ್ತೆ.

ಕಥೆ ಇರೋ, ಹತ್ತಾರು ಗಂಟೆ ಹಿಡಿಯೋ ಗೇಮ್ ಮುಗಿಸೋ ಆಸೆ ಇದ್ರೆ ಆಗ ಹ್ಯಾಂಡ್‌ಹೆಲ್ಡ್ ಬಗ್ಗೆ ಯೋಚ್ನೆ ಮಾಡಿ. ಪಿಸಿಲಿ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಿಂದ ಕೊಂಡ ಗೇಮ್‌ಗಳು ಈಗಾಗ್ಲೇ ಗುಡ್ಡೆ ಬಿದ್ದಿದ್ರೆ ಸ್ಟೀಮ್ ಡೆಕ್ ಥರದ್ದು ಸರಿ, ಆದ್ರೆ ಅದು ಮಾಡೆಲ್ ನೋಡ್ಕೊಂಡು ಸುಮಾರು 640ರಿಂದ 670 ಗ್ರಾಂ, ಮಲಗಿ ಆಡುವಾಗ ಮುಖದ ಮೇಲೆ ಬಿದ್ರೆ ಗೊತ್ತಾಗತ್ತೆ, ದೊಡ್ಡ ಗೇಮ್ ಹಾಕಿದ್ರೆ ಬ್ಯಾಟರಿನೂ ಎರಡು ಗಂಟೆಯ ಆಸುಪಾಸೇ. ಮಾರಿಯೋ, ಜೆಲ್ಡಾದ ದೊಡ್ಡ ಗೇಮ್‌ಗಳು ಬೇಕಂದ್ರೆ ಸ್ವಿಚ್ ಬಿಟ್ಟು ಬೇರೆ ದಾರಿ ಇಲ್ಲ. ಇನ್ನೂ ಡೌಟ್ ಇದ್ರೆ ಮೊದ್ಲು ಫೋನಿಗೆ ಸಿಕ್ಕಿಸೋ ಒಂದು ಕಂಟ್ರೋಲರ್ ಯಾರತ್ರನಾದ್ರೂ ಇಸ್ಕೊಂಡು, ಸ್ಟಾರ್‌ಡ್ಯೂ ವ್ಯಾಲಿನೋ ಡೆಡ್ ಸೆಲ್ಸೋ ಹಾಕ್ಕೊಂಡು ಒಂದು ವಾರ ಆಡಿ. ವಾರ ಕಳೆಯೋ ಹೊತ್ತಿಗೆ ಕಂಟ್ರೋಲರ್ ಮೂಲೆ ಸೇರಿದ್ರೆ ನಿಮ್ಮ ದುಡ್ಡು ಉಳೀತು.