ಡಿಸ್ಕ್ ಆಮೇಲೆ ನೋಡೋಣ, ಬ್ಯಾಕಪ್ ವಾಪಸ್ ಬರತ್ತಾ?

ಹತ್ತು ಜನ ಇರೋ ಆಫೀಸಿಗೆ ಸರ್ವರ್ ಹಾಕ್ಬೇಕು, ಯಾವ ಡಿಸ್ಕ್ ತಗೊಳ್ಲಿ ಅಂತ ಪರಿಚಯದವ್ರು ಆಗಾಗ ಕೇಳ್ತಿರ್ತಾರೆ. ನಾನು ತಿರುಗಿ ಕೇಳೋದು, ನಾಳೆ ಬೆಳಿಗ್ಗೆ ಸರ್ವರ್ ಆನ್ ಆಗ್ಲಿಲ್ಲ ಅಂದ್ರೆ ಎಷ್ಟು ಹೊತ್ತು ಕೈಕಟ್ಟಿ ಕೂರ್ತೀರಾ, ಎಷ್ಟು ದಿನದ ಕೆಲ್ಸ ಮತ್ತೆ ಮಾಡೋಕೆ ತಯಾರಿದೀರಾ? ಸ್ವಲ್ಪ ಹೊತ್ತು ಸುಮ್ನಾಗ್ತಾರೆ, ಆಮೇಲೆ ಪುನಃ ಬ್ರ್ಯಾಂಡ್ ವಿಚಾರಕ್ಕೇ ಬರ್ತಾರೆ.

ನಾನೂ ಹಂಗೇ ಇದ್ದೆ ಬಿಡಿ. ಮೊದಲ ಸಲ ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿ, ಅಂದ್ರೆ ಬರೆದಿದ್ದೆಲ್ಲ ಎರಡರಲ್ಲೂ ಒಟ್ಟಿಗೇ ಬರೆಯೋ ಹಂಗೆ ಮಾಡಿ, ಒಂದು ಹೋದ್ರೆ ಇನ್ನೊಂದು ಇದೆಯಲ್ಲ ಅಂತ ಹಾಯಾಗಿದ್ದೆ. ಒಂದು ಶುಕ್ರವಾರ ಯಾರೋ ಅಕೌಂಟ್ಸ್ ಫೋಲ್ಡರ್ ಡಿಲೀಟ್ ಮಾಡಿದ್ರು, ರೇಡ್ ಬಹಳ ನಿಯತ್ತಿಂದ ಎರಡೂ ಡಿಸ್ಕಿಂದ ಅಳಿಸ್ತು. ಗೊತ್ತಾಗಿದ್ದು ಸೋಮವಾರ. ಪರ್ವಾಗಿಲ್ಲ, ದಿನಾ ರಾತ್ರಿ ಯುಎಸ್‌ಬಿ ಡಿಸ್ಕಿಗೆ ಫೈಲ್ ಕಾಪಿ ಮಾಡೋ ಆರ್‌ಸಿಂಕ್ ಸ್ಕ್ರಿಪ್ಟ್ ಓಡತ್ತಲ್ಲ ಅಂತ ತೆಗೆದು ನೋಡಿದ್ರೆ ಅದ್ರಲ್ಲಿದ್ದಿದ್ದು ನಾಲ್ಕು ತಿಂಗಳು ಹಳೇ ಫೈಲು! ಆಗಿದ್ದೇನಂದ್ರೆ, ಯಾವಾಗ್ಲೋ ಸರ್ವರ್ ರೀಸ್ಟಾರ್ಟ್ ಆದಾಗ ಆ ಡಿಸ್ಕ್ ಮೌಂಟ್ ಆಗಿರ್ಲಿಲ್ಲ, ಅಂದ್ರೆ ಸಿಸ್ಟಮ್ ಅದನ್ನ ಅದರ ಫೋಲ್ಡರಿಗೆ ಜೋಡಿಸಿರ್ಲಿಲ್ಲ, ಜೋಡಿಸೋ ಆ ಜಾಗ, ಮೌಂಟ್ ಪಾಯಿಂಟ್, ಅಂದ್ರೆ ಬರೀ ಒಂದು ಖಾಲಿ ಫೋಲ್ಡರ್ ತಾನೆ, ಸ್ಕ್ರಿಪ್ಟ್ ಅದರೊಳಗೇ, ಅಂದ್ರೆ ಸರ್ವರ್‌ನ ಡಿಸ್ಕ್ ಮೇಲೇ, ಕಾಪಿ ಮಾಡ್ಕೊಂಡು ದಿನಾ ಸಕ್ಸಸ್ ಅಂತ ಲಾಗ್ ಬರೀತಿತ್ತು. ಆ ಕಾಪಿಯಾದ್ರೂ ಸಿಗತ್ತಾ ಅಂದ್ರೆ ಅದೂ ಇಲ್ಲ, ಮೂಲದಲ್ಲಿ ಇಲ್ಲದ್ದನ್ನ ಕಾಪಿಯಿಂದಲೂ ಅಳಿಸೋ ಡಿಲೀಟ್ ಆಪ್ಷನ್ ಹಾಕಿದ್ದೆ ನೋಡಿ, ಶುಕ್ರವಾರ ರಾತ್ರಿನೇ ಅಲ್ಲಿಂದಲೂ ಗುಡಿಸಿ ಹಾಕಿತ್ತು. ತಮಾಷೆ ಏನಂದ್ರೆ, ಯುಎಸ್‌ಬಿ ಡಿಸ್ಕ್ ಸರಿಯಾಗಿ ಮೌಂಟ್ ಆಗಿದ್ದಿದ್ರೆ ಆ ಹಳೇದೂ ಉಳೀತಿರ್ಲಿಲ್ಲ.

ದೊಡ್ಡವ್ರ ಮನೇಲೂ ಇದೇ ಕಥೆ. 2017ರ ಜನವರಿ 31ಕ್ಕೆ, ಸಾಫ್ಟ್‌ವೇರ್ ಕೋಡ್ ಇಟ್ಕೊಳ್ಳೋ ಸೈಟ್ ಗಿಟ್‌ಲ್ಯಾಬ್‌ನಲ್ಲಿ ತಪ್ಪು ಸರ್ವರಲ್ಲಿ ಡೇಟಾಬೇಸ್ ಅಳಿಸಿಬಿಟ್ರು, ಬ್ಯಾಕಪ್ ಹುಡುಕಿದ್ರೆ ಡಂಪ್, ಅಂದ್ರೆ ಡೇಟಾಬೇಸಿನ ಕಾಪಿ, ಆಗ್ತಾನೇ ಇರ್ಲಿಲ್ಲ, ಫೇಲ್ ಆಯ್ತು ಅಂತ ಹೋಗ್ತಿದ್ದ ಮೇಲ್‌ಗಳೂ ತಲುಪ್ತಿರ್ಲಿಲ್ಲ. ಸುಮಾರು 6 ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್, ಅಂದ್ರೆ ಆ ಹೊತ್ತಿನ ಡೇಟಾದ ಕಾಪಿ, ಇತ್ತು ಅಂತ ಬಚಾವಾದ್ರು.

ಅದಕ್ಕೇ ಈಗ ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದೀನಿ, ಅದೇ ಥರದ ಬೋರ್ಗ್ ಆದ್ರೂ ನಡಿಯತ್ತೆ, ಹಳೇ ವರ್ಷನ್‌ಗಳು ಇರ್ಬೇಕು ಅಷ್ಟೇ. ಡಿಸ್ಕ್ ಮೌಂಟ್ ಆಗಿದೆಯಾ ಅಂತ ಸ್ಕ್ರಿಪ್ಟ್ ಮೊದ್ಲು ನೋಡತ್ತೆ, ಇಲ್ಲಾಂದ್ರೆ ಅಲ್ಲೇ ನಿಲ್ಲತ್ತೆ. ಒಂದು ಕಾಪಿ ಆಫೀಸಿಂದ ಹೊರಗೆ. ಕ್ಲೌಡ್ ಒಂದೇ ಸಾಕು ಅನ್ನೋರು ಲೆಕ್ಕ ಹಾಕ್ಲಿ, 1 ಟಿಬಿ ಡೇಟಾನ 20 ಎಂಬಿಪಿಎಸ್ ಲೈನಲ್ಲಿ ವಾಪಸ್ ಇಳಿಸ್ಕೊಳ್ಳೋಕೆ ನಾಲ್ಕೂವರೆ ದಿನದ ಮೇಲೇ ಬೇಕು, ಪಕ್ಕದಲ್ಲಿರೋ ಯುಎಸ್‌ಬಿ ಡಿಸ್ಕಿಂದ ಮೂರು ಗಂಟೆಲಿ ಮುಗೀಬಹುದು. ಅದಕ್ಕೆ ಎರಡೂ ಇರ್ಲಿ.

ಸರಿ, ಡಿಸ್ಕ್. ಹಾರ್ಡ್ ಡಿಸ್ಕ್ ಆದ್ರೆ ಸಿಎಂಆರ್, ಅಂದ್ರೆ ಡೇಟಾ ಬರೆಯೋ ಸಾಲುಗಳು (ಟ್ರ್ಯಾಕುಗಳು) ಒಂದರ ಮೇಲೊಂದು ಕೂರದೆ ಪಕ್ಕಪಕ್ಕ ಇರೋದು, ಅಂತ ಖಾತ್ರಿ ಮಾಡ್ಕೊಳ್ಳಿ. ಇನ್ನೊಂದು ಥರದ್ದು, ಎಸ್‌ಎಂಆರ್‌ನಲ್ಲಿ, ಟ್ರ್ಯಾಕುಗಳು ಹೆಂಚು ಹೊದಿಸ್ದಂಗೆ ಒಂದರ ಮೇಲೊಂದು ಕೂತಿರತ್ತೆ, ಒಂದನ್ನ ತಿದ್ದೋಕೆ ಅಕ್ಕಪಕ್ಕದ್ದೂ ಮತ್ತೆ ಬರೀಬೇಕು, ಕೆಟ್ಟ ಡಿಸ್ಕ್ ಬದಲಿಸಿ ಹೊಸದಕ್ಕೆ ಎಲ್ಲ ಮತ್ತೆ ತುಂಬೋವಾಗ, ಅಂದ್ರೆ ರೇಡ್ ರೀಬಿಲ್ಡ್ ಆಗೋವಾಗ, ಪ್ರಾಣ ಹಿಂಡತ್ತೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು, ಆಮೇಲೇ ಸಿಎಂಆರ್‌ದು ರೆಡ್ ಪ್ಲಸ್ ಅಂತ ಬೇರೆ ಮಾಡಿದ್ದು. ಡೇಟಾಬೇಸ್ ಓಡಿಸೋದಾದ್ರೆ ಎಸ್‌ಎಸ್‌ಡಿನೇ ಹಾಕಿ, ಕರೆಂಟ್ ಹೋದಾಗ ಕೈಲಿರೋದನ್ನ ಬರೆದು ಮುಗಿಸೋ ಕೆಪಾಸಿಟರ್ ಇರೋ ಮಾಡೆಲ್ ಆದ್ರೆ ಒಳ್ಳೇದು.

ಮತ್ತೆ ಎರಡೂ ಡಿಸ್ಕ್ ಒಂದೇ ಬ್ಯಾಚ್‌ದು ಬೇಡ. 2019ರಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಸ್‌ಡಿಗಳಿಗೆ ಅರ್ಜೆಂಟಾಗಿ ಹೊಸ ಫರ್ಮ್‌ವೇರ್ (ಡಿಸ್ಕ್ ಒಳಗಿನ ಸಾಫ್ಟ್‌ವೇರ್) ಹಾಕಿ ಅಂತ ಹೇಳ್ತು, ಯಾಕಂದ್ರೆ ಸರಿಯಾಗಿ 32,768 ಗಂಟೆ ಓಡಿದ್ಮೇಲೆ ಅವು ಸತ್ತೇಹೋಗ್ತಿದ್ವು, ಡೇಟಾನೂ ಸಿಗ್ತಿರ್ಲಿಲ್ಲ. ಒಂದೇ ದಿನ ಆನ್ ಮಾಡಿದ ಎರಡು ಡಿಸ್ಕ್ ಒಂದೇ ಗಂಟೆಲಿ ಹೋದ್ರೆ ರೇಡ್ ಯಾವ ಕರ್ಮಕ್ಕೆ?

ಈಗ ತಿಂಗಳಿಗೊಂದು ಸಲ ಯಾವುದೋ ಒಂದು ಫೋಲ್ಡರ್ ಆರಿಸಿ ಬೇರೆ ಲ್ಯಾಪ್‌ಟಾಪಿಗೆ ರಿಸ್ಟೋರ್ ಮಾಡಿ ನೋಡ್ತೀನಿ. ಮೊದಲ ಸಲ ಮಾಡಿದಾಗ ಬ್ಯಾಕಪ್ ಪೂರ್ತಿ ಸರಿಯಾಗೇ ಇತ್ತು, ಆದ್ರೆ ಅದನ್ನ ತೆಗೆಯೋ ಪಾಸ್‌ವರ್ಡ್ ಇದ್ದಿದ್ದು ಸರ್ವರ್ ಒಳಗಿನ ಒಂದು ಫೈಲಲ್ಲಿ ಮಾತ್ರ. ಈಗ ಕಾಗದದ ಮೇಲೆ ಬರೆದು ಬೀರುವಲ್ಲಿ ಇಟ್ಟಿದೀನಿ.