ಗೇಟಿನ ಹೊರಗಿನ ತಪ್ಪು, ಗೇಟಿನ ಒಳಗಿನ ಶಿಕ್ಷೆ

ಕೆಲವು ವರ್ಷಗಳ ಹಿಂದೆ, ಒಂದು ಸೋಮವಾರ, ಮೊದಲ ಪೀರಿಯಡ್ ಮುಗಿಯುವ ಮೊದಲೇ ಮುಖ್ಯೋಪಾಧ್ಯಾಯರ ಕೊಠಡಿಯಿಂದ ನನಗೆ ಕರೆ ಬಂತು. ಮೇಜಿನ ಮೇಲೆ ಒಂದು ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಇತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಭಾನುವಾರ ರಾತ್ರಿ ತನ್ನ ಮನೆಯಲ್ಲಿ ಕುಳಿತು, ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ, ಸಹಪಾಠಿಯ ಮೇಲೆ ಹರಿಹಾಯ್ದು ಬರೆದ ನಾಲ್ಕು ಸಾಲುಗಳು ಅದರಲ್ಲಿದ್ದವು. ಓದಿದರೆ ಮುಖ ಸಿಂಡರಿಸುವಂಥ ಭಾಷೆ. ಶಿಸ್ತು ಸಮಿತಿಯ ನಾವು ಮೂವರು ಇಪ್ಪತ್ತು ನಿಮಿಷದೊಳಗೆ ಅವನನ್ನು ಒಂದು ವಾರ ಅಮಾನತಿನಲ್ಲಿಡಲು ತೀರ್ಮಾನಿಸಿದೆವು. ನಾನೂ ಸಹಿ ಹಾಕಿದೆ.

ಬುಧವಾರ ಹುಡುಗನ ತಾಯಿ ಮೊಬೈಲ್ ಹಿಡಿದುಕೊಂಡು ಬಂದರು. ಆ ನಾಲ್ಕು ಸಾಲುಗಳಿಗಿಂತ ಮೊದಲು ಹನ್ನೊಂದು ಸಂದೇಶಗಳಿದ್ದವು. ನಮಗೆ ಕೊಟ್ಟ ಪ್ರತಿಯಲ್ಲಿ ಅವನ್ನು ಕತ್ತರಿಸಲಾಗಿತ್ತು. ಅವುಗಳಲ್ಲಿ, ದೂರು ಕೊಟ್ಟ ಹುಡುಗನೇ ಇವನ ತೊದಲು ಮಾತನ್ನು ಅಕ್ಷರ ಅಕ್ಷರವಾಗಿ ಬರೆದು ಅಣಕಿಸಿದ್ದ. ಉಳಿದ ದಿನಗಳ ಅಮಾನತನ್ನು ರದ್ದು ಮಾಡಿದೆವು. ಮೂರು ದಿನಗಳ ಗೈರುಹಾಜರಿ ಮಾತ್ರ ಹಾಜರಿ ಪುಸ್ತಕದಲ್ಲಿ ಹಾಗೆಯೇ ಉಳಿಯಿತು.

ಶಾಲೆಯ ಆವರಣದ ಹೊರಗೆ ನಡೆದದ್ದಕ್ಕೆ ಶಾಲೆ ಶಿಕ್ಷೆ ಕೊಡಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಆ ಸೋಮವಾರ ನೆನಪಾಗುತ್ತದೆ. ಆ ಅನುಭವದಿಂದ ಶಾಲೆಗೆ ಇಂಥ ಅಧಿಕಾರವೇ ಇರಕೂಡದು ಎಂಬ ನಿಲುವಿಗೆ ನಾನು ಬಂದಿಲ್ಲ. ಆದರೆ ಆ ಅಧಿಕಾರ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ನಾವು ಬಹಳ ಸಡಿಲವಾಗಿ ಯೋಚಿಸುತ್ತೇವೆ ಎಂದು ಮನವರಿಕೆಯಾಗಿದೆ.

ಈ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಎದುರಿಸಿದ್ದು ಅಮೆರಿಕದ ಸುಪ್ರೀಂ ಕೋರ್ಟ್, 2021ರ ಜೂನ್‌ನಲ್ಲಿ. ಪೆನ್ಸಿಲ್ವೇನಿಯಾದ ಮಹನಾಯ್ ಎಂಬಲ್ಲಿನ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳಿಗೆ 2017ರಲ್ಲಿ ಶಾಲೆಯ ಮುಖ್ಯ ಚಿಯರ್‌ಲೀಡಿಂಗ್ (ಪಂದ್ಯಗಳಲ್ಲಿ ಆಟಗಾರರನ್ನು ಹುರಿದುಂಬಿಸುವ) ತಂಡದಲ್ಲಿ ಸ್ಥಾನ ಸಿಗಲಿಲ್ಲ, ಕಿರಿಯರ ತಂಡದಲ್ಲಿ ಸಿಕ್ಕಿತು. ಸಿಟ್ಟಾದ ಹುಡುಗಿ ಒಂದು ಶನಿವಾರ ಅಂಗಡಿಯೊಂದರಲ್ಲಿ ಗೆಳತಿಯೊಡನೆ ನಿಂತು, ನಡುಬೆರಳೆತ್ತಿ ತೋರಿಸುವ ಚಿತ್ರ ತೆಗೆದು, ಶಾಲೆ, ಆಟ, ತಂಡ ಎಲ್ಲವನ್ನೂ ಸೇರಿಸಿ ಬೈದು ಸ್ನ್ಯಾಪ್‌ಚಾಟ್‌ನಲ್ಲಿ ಹಾಕಿದಳು. 24 ಗಂಟೆಗಳಲ್ಲಿ ತಾನಾಗಿಯೇ ಮರೆಯಾಗಬೇಕಿದ್ದ ಆ ಚಿತ್ರವನ್ನು ಇನ್ನೊಬ್ಬರು ತಮ್ಮ ಫೋನಿನಲ್ಲಿ ಸೆರೆಹಿಡಿದರು; ಅದು ತಂಡದವರ ಕೈಯಿಂದ ಕೈಗೆ ದಾಟಿ ತರಬೇತುದಾರರನ್ನು ಮುಟ್ಟಿತು. ಅವಳನ್ನು ಒಂದು ವರ್ಷ ತಂಡದಿಂದ ಹೊರಗಿಡಲಾಯಿತು. ಕೋರ್ಟ್ ಎಂಟು ಮತ್ತು ಒಂದರ ಬಹುಮತದಲ್ಲಿ ಹುಡುಗಿಯ ಪರವಾಗಿ ತೀರ್ಪು ನೀಡಿತು. ಅವಳ ಮಾತಿನಿಂದ ಶಾಲೆಯಲ್ಲಿ ಆದ ಗೊಂದಲವೆಂದರೆ, ಬೀಜಗಣಿತದ ತರಗತಿಯಲ್ಲಿ ಒಂದೆರಡು ದಿನ ಹೆಚ್ಚೆಂದರೆ ಐದು-ಹತ್ತು ನಿಮಿಷ ಆ ವಿಷಯ ಚರ್ಚೆಯಾದದ್ದು ಮಾತ್ರ ಎಂದು ತೀರ್ಪು ದಾಖಲಿಸಿದೆ.

ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಕೊಟ್ಟ ಕಾರಣಗಳಲ್ಲಿ ಎರಡು ನನಗೆ ಮುಖ್ಯವೆನಿಸುತ್ತವೆ. ಶಾಲೆಯಲ್ಲಿರುವಷ್ಟು ಹೊತ್ತು ಶಿಕ್ಷಕರು ಪೋಷಕರ ಸ್ಥಾನದಲ್ಲಿ ನಿಂತಿರುತ್ತಾರೆ, ಮಗು ಹೊರಗೆ ಬಂದ ಮೇಲೆ ಆ ಹೊಣೆ ಸಾಮಾನ್ಯವಾಗಿ ಪೋಷಕರಿಗೆ ಮರಳುತ್ತದೆ ಎಂಬುದು ಒಂದು. ಒಳಗಿನ ಮಾತಿನ ಮೇಲೆ ಈಗಾಗಲೇ ಹಿಡಿತವಿರುವ ಶಾಲೆಗೆ ಹೊರಗಿನ ಮಾತಿನ ಮೇಲೂ ಹಿಡಿತ ಕೊಟ್ಟರೆ, ವಿದ್ಯಾರ್ಥಿಗೆ ದಿನದ 24 ಗಂಟೆಗಳಲ್ಲಿ ಬಾಯಿಬಿಟ್ಟು ಮಾತನಾಡಲು ಎಲ್ಲಿಯೂ ಜಾಗ ಉಳಿಯುವುದಿಲ್ಲ ಎಂಬುದು ಇನ್ನೊಂದು. ಹಾಗೆಂದು ಕೋರ್ಟ್ ಶಾಲೆಯ ಕೈಯನ್ನು ಪೂರ್ತಿ ಕಟ್ಟಿಹಾಕಲಿಲ್ಲ. ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಾಗಿಸಿಕೊಂಡ ತೀವ್ರ ಕಿರುಕುಳ, ಶಿಕ್ಷಕರಿಗೋ ಸಹಪಾಠಿಗಳಿಗೋ ಒಡ್ಡಿದ ಬೆದರಿಕೆ ಇತ್ಯಾದಿಗಳು ಹೊರಗೆ ನಡೆದರೂ ಶಾಲೆ ಮಧ್ಯೆ ಪ್ರವೇಶಿಸಬಹುದು ಎಂದಿತು.

ಒಂದು ಮಾತು ಇಲ್ಲಿ ಹೇಳಬೇಕು. ಅದೇ ಕೋರ್ಟ್ 1969ರಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಪ್ರಕರಣದಲ್ಲಿ, ವಿದ್ಯಾರ್ಥಿಗಳು ತಮ್ಮ ಹಕ್ಕುಗಳನ್ನು ಶಾಲೆಯ ಗೇಟಿನ ಬಳಿ ಕಳಚಿಟ್ಟು ಒಳಗೆ ಬರುವುದಿಲ್ಲ ಎಂದು ಹೇಳಿತ್ತು. ಹೊರಗಿನ ಹಕ್ಕು ಒಳಗೆ ಬರಬಹುದೇ ಎಂಬುದು ಅಂದಿನ ವ್ಯಾಜ್ಯವಾಗಿತ್ತು. ಅರ್ಧ ಶತಮಾನದ ನಂತರ, ಒಳಗಿನ ಶಿಸ್ತು ಹೊರಗೆ ಹೋಗಬಹುದೇ ಎಂದು ಕೇಳುತ್ತಿದ್ದೇವೆ. ಅಷ್ಟರಲ್ಲಿ ಗೇಟು ಇದ್ದಲ್ಲಿಯೇ ಇದ್ದು, ಫೋನ್ ಮಾತ್ರ ಎರಡೂ ಕಡೆ ಓಡಾಡತೊಡಗಿದೆ.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿನ 2006ರ ಶಿಕ್ಷಣ ಕಾಯ್ದೆಯು ಆವರಣದ ಹೊರಗಿನ ನಡತೆಯನ್ನೂ ‘ಸಮಂಜಸವಾದಷ್ಟು’ ಮಟ್ಟಿಗೆ ನಿಯಂತ್ರಿಸುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೆ ಕೊಟ್ಟಿದೆ. ಸಮವಸ್ತ್ರದಲ್ಲಿದ್ದಾಗ, ಶಾಲೆಗೆ ಹೋಗಿಬರುವ ದಾರಿಯಲ್ಲಿ, ಇನ್ನೊಬ್ಬ ವಿದ್ಯಾರ್ಥಿಗೆ ಅಪಾಯವಾಗುವಂತಿದ್ದಾಗ ಎಂದೆಲ್ಲ ಸರ್ಕಾರದ ಮಾರ್ಗಸೂಚಿ ವಿವರಿಸುತ್ತದೆ. ಇಷ್ಟರವರೆಗೆ ನನ್ನ ತಕರಾರಿಲ್ಲ. ಆದರೆ ಅದೇ ಮಾರ್ಗಸೂಚಿಯಲ್ಲಿ, ಶಾಲೆಯ ಹೆಸರಿಗೆ ಧಕ್ಕೆ ತರಬಹುದಾದ ನಡತೆಯೂ ಸೇರಿದೆ. ಅಲ್ಲಿ ನಾನು ನಿಲ್ಲುತ್ತೇನೆ.

ಶಾಲೆಯ ಹೆಸರು ಎಂಬ ಕಾರಣಕ್ಕೆ ಕೊನೆ ಎಂಬುದಿಲ್ಲ. ರಸ್ತೆಯಲ್ಲಿ ಸಿಗರೇಟು ಹಿಡಿದವನು, ಯಾವುದೋ ಮೆರವಣಿಗೆಯಲ್ಲಿ ಘೋಷಣೆ ಕೂಗಿದವಳು, ಪ್ರೀತಿಸಿ ಸಿಕ್ಕಿಬಿದ್ದವರು, ಶಾಲೆಯ ಶೌಚಾಲಯದ ದುರವಸ್ಥೆಯ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದವನು, ಎಲ್ಲರೂ ಒಂದೇ ಬಲೆಗೆ ಬೀಳುತ್ತಾರೆ. ಇವರಲ್ಲಿ ಕೊನೆಯವನಿಗೇ ಶಿಕ್ಷೆ ಹೆಚ್ಚಾಗುತ್ತದೆ ಎಂಬುದನ್ನು ಸ್ಟಾಫ್ ರೂಮಿನಲ್ಲಿ ಕೂತವರು ಯಾರೂ ಅಲ್ಲಗಳೆಯಲಾರರು. ಹೆಸರಿನ ಹೆಸರಿನಲ್ಲಿ ನಡೆಯುವ ಶಿಸ್ತುಕ್ರಮದಲ್ಲಿ ಶಾಲೆಯೇ ದೂರುದಾರ, ಶಾಲೆಯೇ ಸಾಕ್ಷಿ, ಶಾಲೆಯೇ ನ್ಯಾಯಾಧೀಶ.

ನಡೆದದ್ದು ಎಲ್ಲಿ ಎಂಬುದು ನನ್ನ ದೃಷ್ಟಿಯಲ್ಲಿ ಅಷ್ಟು ಮುಖ್ಯವಲ್ಲ. ಅದರಿಂದಾಗಿ ನಾಳೆ ಬೆಳಿಗ್ಗೆ ಯಾವ ಮಗು ತರಗತಿಗೆ ಬರಲಾರದು ಎಂಬುದನ್ನು ಮೊದಲು ಕೇಳಬೇಕು. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗಿಯ ತಿರುಚಿದ ಚಿತ್ರವನ್ನು ಮೂವತ್ತು ಸಹಪಾಠಿಗಳಿಗೆ ಹಂಚಿದರೆ, ಬೆಳಿಗ್ಗೆ ಆ ಮೂವತ್ತು ಜನರ ನಡುವೆಯೇ ಅವಳು ಕೂರಬೇಕು. ಚಿತ್ರ ಹಂಚಿದ್ದು ಮನೆಯಿಂದ ಎಂದು ಶಾಲೆ ಕೈತೊಳೆದುಕೊಂಡರೆ, ಅವಳ ಓದುವ ಹಕ್ಕನ್ನು ಕಾಯುವವರು ಯಾರೂ ಇಲ್ಲವಾಗುತ್ತಾರೆ. ಇಲ್ಲಿ ಶಾಲೆಗೆ ಅಧಿಕಾರ ಬರುವುದು ಶಿಕ್ಷಿಸುವ ಹಕ್ಕಿನಿಂದಲ್ಲ, ಅವಳ ಬಗೆಗಿನ ಹೊಣೆಯಿಂದ. ರ‍್ಯಾಗಿಂಗ್ ವಿರುದ್ಧ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ತಂದ ನಿಯಮಾವಳಿ ಕ್ಯಾಂಪಸ್ಸಿನ ಹೊರಗಿನ ಕಿರುಕುಳವನ್ನೂ ಒಳಗೊಳ್ಳುವುದರ ಹಿಂದೆ ಇಂಥದೇ ತರ್ಕವಿದೆ ಎಂದು ನಾನು ಭಾವಿಸುತ್ತೇನೆ. ಹಿರಿಯರು ಕಿರಿಯನನ್ನು ಬಾಡಿಗೆ ಕೋಣೆಗೆ ಕರೆಸಿ ಹಿಂಸಿಸಿದರೂ, ಮರುದಿನ ಅವನು ಅವರ ಎದುರಿನಿಂದಲೇ ತರಗತಿಗೆ ನಡೆದು ಹೋಗಬೇಕು.

ಆದರೆ ಹೊಣೆಯನ್ನು ನಿಭಾಯಿಸುವುದು ಮತ್ತು ಶಿಕ್ಷೆ ಕೊಡುವುದು ಒಂದೇ ಅಲ್ಲ. ನಾನು ಆ ಸೋಮವಾರ ತಪ್ಪಿದ್ದು ಇಲ್ಲಿಯೇ. ದೂರು ಬಂದ ಕೂಡಲೇ ಇಬ್ಬರನ್ನು ಬೇರೆ ಬೇರೆ ವಿಭಾಗದಲ್ಲಿ ಕೂರಿಸಬಹುದಿತ್ತು, ಗುಂಪಿನಲ್ಲಿದ್ದ ಉಳಿದವರನ್ನು ಕರೆದು ಕೇಳಬಹುದಿತ್ತು, ಎರಡೂ ಮನೆಯವರಿಗೆ ಅದೇ ದಿನ ಹೇಳಿಕಳುಹಿಸಬಹುದಿತ್ತು. ಇದ್ಯಾವುದಕ್ಕೂ ಯಾರ ತಪ್ಪೆಂದು ತೀರ್ಮಾನವಾಗಬೇಕಿರಲಿಲ್ಲ. ಅಮಾನತಿಗೆ ಮಾತ್ರ ತೀರ್ಮಾನ ಬೇಕಿತ್ತು, ತೀರ್ಮಾನಕ್ಕೆ ವಿಚಾರಣೆ ಬೇಕಿತ್ತು, ನಮ್ಮ ಬಳಿ ಇದ್ದದ್ದು ಒಂದು ಹಾಳೆ. ಆವರಣದೊಳಗೆ ಕಿಟಕಿಯ ಗಾಜು ಒಡೆದರೆ ನೋಡಿದವರು ನಾಲ್ಕು ಜನ ಸಿಗುತ್ತಾರೆ. ಮನೆಯೊಳಗೆ, ಬೀದಿಯಲ್ಲಿ, ಫೋನಿನಲ್ಲಿ ನಡೆದದ್ದಕ್ಕೆ ಶಿಕ್ಷಕರು ಸಾಕ್ಷಿಗಳಲ್ಲ. ಫೋನ್ ಕಸಿದು ಹುಡುಕುವ ಅಧಿಕಾರವೂ ಕೌಶಲವೂ ಅವರಿಗಿಲ್ಲ, ಇರಕೂಡದು ಎಂದೇ ನನ್ನ ಅಭಿಪ್ರಾಯ. ನಕಲಿ ಖಾತೆ, ಕತ್ತರಿಸಿದ ಸ್ಕ್ರೀನ್‌ಶಾಟ್, ಅಣ್ಣನ ಫೋನಿನಿಂದ ಹೋದ ಸಂದೇಶ ಇವುಗಳ ನಡುವೆ, ಮೊದಲು ದೂರು ತಂದವನ ಕಥೆಯೇ ನಿಜವೆನಿಸಿಕೊಳ್ಳುತ್ತದೆ.

ಪೊಲೀಸರವರೆಗೆ ಹೋಗುವ ಪ್ರಕರಣಗಳಲ್ಲಿ ಶಾಲೆಗಳು ಇನ್ನಷ್ಟು ಅವಸರ ಮಾಡುತ್ತವೆ. ಬಾಲನ್ಯಾಯ ಕಾಯ್ದೆ, 2015, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿನ ಗುರುತು ಬಹಿರಂಗವಾಗದಂತೆ ನಿರ್ಬಂಧ ಹೇರುತ್ತದೆ. ಮಗುವಿಗೆ ಹೊಸದಾಗಿ ಬದುಕು ಆರಂಭಿಸುವ ಅವಕಾಶವಿರಬೇಕೆಂಬುದು ಅದರ ಮೂಲ ತತ್ತ್ವಗಳಲ್ಲಿ ಒಂದು. ಕಾನೂನು ಇಷ್ಟು ಜೋಪಾನ ಮಾಡುತ್ತಿರುವಾಗ, ಪ್ರಾರ್ಥನಾ ಸಭೆಯಲ್ಲಿ ಹೆಸರು ಹಿಡಿದು ‘ಇಂಥವರಿಗೆ ಇಲ್ಲಿ ಜಾಗವಿಲ್ಲ’ ಎಂದು ಘೋಷಿಸುವ ಶಾಲೆ ಏನನ್ನು ಸಾಧಿಸುತ್ತದೆ? ಟಿ.ಸಿ. ಕೊಟ್ಟು ಕಳುಹಿಸುವುದಂತೂ ಸಮಸ್ಯೆಯನ್ನು ಪಕ್ಕದ ಶಾಲೆಗೆ ದಾಟಿಸುವ ಉಪಾಯ. ಶಿಕ್ಷಣ ಹಕ್ಕು ಕಾಯ್ದೆ, 2009, ಎಂಟನೆಯ ತರಗತಿಯವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. ಒಂಬತ್ತಕ್ಕೆ ಬಂದ ಕೂಡಲೇ ಮಗು ಬೇರೆಯಾಗಿಬಿಡುತ್ತದೆಯೇ ಎಂದು ಆ ಗಡಿಯನ್ನು ಕಂಡಾಗಲೆಲ್ಲ ಅನ್ನಿಸುತ್ತದೆ.

ಹೀಗೆ ಹೇಳಿದಾಗ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೇಳುವ ಪ್ರಶ್ನೆ ಸುಲಭದ್ದಲ್ಲ. ಮನೆಯವರೇ ಕಣ್ಣು ಮುಚ್ಚಿಕೊಂಡಿರುವ ಮಗುವನ್ನು ಶಾಲೆಯೂ ಬಿಟ್ಟರೆ ತಿದ್ದುವವರು ಯಾರು ಎನ್ನುತ್ತಾರೆ ಅವರು. ತಿದ್ದಬೇಕು, ನಿಜ. ಕುಡಿದು ಬೈಕ್ ಓಡಿಸಿದ ಹತ್ತನೆಯ ತರಗತಿಯ ಹುಡುಗನನ್ನು ಅವನ ಮೆಚ್ಚಿನ ಮೇಷ್ಟ್ರು ಪಕ್ಕಕ್ಕೆ ಕರೆದು ಅರ್ಧ ಗಂಟೆ ಮಾತನಾಡಿಸುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ. ಅವನನ್ನು ಅಮಾನತಿನಲ್ಲಿಟ್ಟರೆ, ಕಣ್ಣು ಮುಚ್ಚಿಕೊಂಡಿರುವ ಅದೇ ಮನೆಗೆ ಇಡೀ ವಾರ ಕಳುಹಿಸಿದಂತಾಗುತ್ತದೆ.

ಸಮಿತಿಯಲ್ಲಿದ್ದ ಉಳಿದ ವರ್ಷಗಳಲ್ಲಿ ನಾನು ಎರಡು ವಿಷಯಗಳಿಗೆ ಹಟ ಹಿಡಿದೆ. ಹೊರಗಿನ ಘಟನೆಯ ದೂರನ್ನು ಬಂದ ದಿನವೇ ತೀರ್ಮಾನಿಸಬಾರದು, ಮತ್ತು ಸಂಭಾಷಣೆಯ ಮೊದಲಿನಿಂದ ಕೊನೆಯವರೆಗಿನ ಪ್ರತಿ ಇಲ್ಲದೆ ಸ್ಕ್ರೀನ್‌ಶಾಟನ್ನು ಮೇಜಿನ ಮೇಲೆ ತರಬಾರದು. ಮೊದಲನೆಯದನ್ನು ಒಪ್ಪಿಕೊಂಡರು. ಎರಡನೆಯದರಿಂದ ಕೆಲಸ ನಿಧಾನವಾಗುತ್ತದೆ ಎಂಬ ಗೊಣಗಾಟ ನಾನು ಅಲ್ಲಿಂದ ಹೊರಬರುವವರೆಗೂ ನಿಲ್ಲಲಿಲ್ಲ. ಆ ಹುಡುಗನ ಮೂರು ದಿನಗಳ ಗೈರುಹಾಜರಿಯ ಎದುರಿಗೆ, ‘ಸಮಿತಿಯ ತಪ್ಪಿನಿಂದ’ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಲು ನನಗೆ ಒಪ್ಪಿಗೆ ಸಿಕ್ಕಿದ್ದು ಅವನು ಹತ್ತನೆಯ ತರಗತಿ ಮುಗಿಸಿ ಹೋದ ಮೇಲೆ.