ಕರೆಂಟು ಹೋದಾಗ ನಿಂತ ರೀಡಿಂಗ್

ಕಾಸರಗೋಡಿನ ಹತ್ತಿರ ಒಂದು ಲ್ಯಾಬಿನಲ್ಲಿ ಅಳತೆಯ ಕೆಲಸ ನನ್ನದು. ಆಟಿಯ ಮಳೆ ಜೋರಾಗಿ ಹೊಡೆಯುತ್ತಿದ್ದ ವಾರ. ನಮ್ಮ ಮೇಜಿನ ಮೇಲಿದ್ದದ್ದು ಉಗುರಿನಷ್ಟು ದೊಡ್ಡ ಸಿಲಿಕಾನ್ ಚಿಪ್. ಅದರಲ್ಲಿ ಬೆಳಕು ಸುತ್ತು ಹಾಕುವ ಸಣ್ಣ ಸಣ್ಣ ಉಂಗುರಗಳು. ಉಂಗುರ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯುವ ತರಂಗಾಂತರ ಸುಮಾರು 0.07 ನ್ಯಾನೋಮೀಟರ್ ಸರಿಯುತ್ತದೆ. ಹಾಗಾಗಿ ಉಂಗುರವನ್ನು ಬಿಸಿ ಮಾಡುವ ಹೀಟರಿನ ವೋಲ್ಟೇಜ್ ಬದಲಿಸಿದರೆ ಸಾಕು, ಅದೇ ಚಿಪ್ ಬೆಳಕನ್ನು ಬೇರೆ ದಾರಿಗೆ ಕಳಿಸುತ್ತದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಉಂಗುರದ ಸಿಲಿಕಾನಿಗೆ ಸ್ವಲ್ಪ ಬೇರೆ ಧಾತು ಸೇರಿಸಿ, ಅದರೊಳಗೇ ಕರೆಂಟು ಹರಿಯುವ ಹಾಗೆ ಮಾಡಿರುತ್ತಾರೆ. ಅದೇ ಹೀಟರ್. ಒಳಗೆ ಬೆಳಕು ಜಾಸ್ತಿಯಾದರೆ ರೆಸಿಸ್ಟೆನ್ಸ್ ಇಳಿದು ಕರೆಂಟು ಏರುತ್ತದೆ. ಬೆಳಕು ಎಷ್ಟಿದೆ ಎಂದು ಹೇಳುವುದೂ ಅದೇ ಹೀಟರ್. ಬೇರೆ ಡಿಟೆಕ್ಟರ್ ಬೇಡ.

ಆದರೆ ಮೂರು ದಿನ ಆ ಕರೆಂಟು ಒಂದು ಕಡೆ ನಿಲ್ಲಲಿಲ್ಲ. ಲೇಸರ್ ನೋಡಿದೆ, ವಯರ್ ಬದಲಿಸಿದೆ, ತೇವದ ಮೇಲೆ ತಪ್ಪು ಹೊರಿಸಿದೆ. ನಾಲ್ಕನೇ ದಿನ ಲ್ಯಾಬಿನ ಕರೆಂಟೇ ಹೋಯಿತು. ಲೇಸರ್, ಮೀಟರ್ ಎಲ್ಲ ಯುಪಿಎಸ್‌ನಲ್ಲಿ ಇದ್ದವು, ನಡೆಯುತ್ತಲೇ ಇದ್ದವು. ಪೆರ್ಲದ ಕಡೆಯಿಂದ ಬರುವ ಎಂಎಸ್ಸಿ ಹುಡುಗಿ ಪರದೆ ನೋಡಿ, “ಸರ್, ಈಗ ನಿಂತಿತಲ್ಲ?” ಎಂದಳು. ಸುಮ್ನೆ ಹಾಗೆ ಕಾಣುತ್ತದೆ ಎಂದುಬಿಟ್ಟೆ. ಕರೆಂಟು ಬಂತು, ರೀಡಿಂಗ್ ಮತ್ತೆ ಅಲುಗಾಡಿತು. ಅವಳು ಏನೂ ಹೇಳದೆ ಮೈಕ್ರೋಸ್ಕೋಪಿನ ದೀಪಕ್ಕೆ ಕೈ ಅಡ್ಡ ಹಿಡಿದಳು. ರೀಡಿಂಗ್ ತಟ್ಟನೆ ಕೆಳಗಿಳಿದು ನಿಂತಿತು.

ಚಿಪ್ಪಿಗೆ ಬೆಳಕು ತರುವ ಫೈಬರ್ ಜೋಡಿಸಲು ಹಾಕಿದ್ದ ಹ್ಯಾಲೊಜನ್ ದೀಪವನ್ನು ನಾನು ಆರಿಸಿಯೇ ಇರಲಿಲ್ಲ. ಅದೊಂದು ಯುಪಿಎಸ್‌ನಲ್ಲಿ ಇರಲಿಲ್ಲ. ನಮ್ಮ ಲೇಸರ್ 1550 ನ್ಯಾನೋಮೀಟರ್‌ನದು. ಅದರ ಒಂದು ಫೋಟಾನಿನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು 0.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಸಿಲಿಕಾನ್ ಸರಿಯಾಗಿ ಹೀರಬೇಕಾದರೆ 1.12 ಬೇಕು. ಮೇಲ್ಮೈಯಲ್ಲೋ ದೋಷವಿದ್ದಲ್ಲೋ ಚೂರು ಹೀರಿದ್ದಷ್ಟೇ ನಮಗೆ ಸಿಗುವ ಸಿಗ್ನಲ್. ಕಣ್ಣಿಗೆ ಕಾಣುವ ಬೆಳಕಿಗೆ ಆ ಅಡ್ಡಿ ಇಲ್ಲ, ಸಿಲಿಕಾನ್ ಅದನ್ನು ಚೆನ್ನಾಗಿ ಹೀರುತ್ತದೆ. ಮಳೆಗಾಲದ ವೋಲ್ಟೇಜ್ ಏರಿಳಿದ ಹಾಗೆ ದೀಪ ಏರಿಳಿಯುತ್ತಿತ್ತು. ನಾನು ಬರೆದುಕೊಂಡದ್ದು ದೀಪದ ಕಥೆ, ಉಂಗುರದ್ದಲ್ಲ.

ಮೂರು ದಿನದ ರೀಡಿಂಗ್ ಅಷ್ಟೂ ಹೊಡೆದು ಹಾಕಿದೆ. ಬೇಜಾರಾಯಿತು, ಆದರೆ ಬೇರೆ ದಾರಿ ಇರಲಿಲ್ಲ ಅಲ್ವಾ? ಅವಳ ಮೊದಲ ಮಾತಿಗೇ ಕಿವಿ ಕೊಡಬೇಕಿತ್ತು. ಅದನ್ನು ಅವಳಿಗೂ ಹೇಳಿದೆ.

ಈಗ ಫೈಬರ್ ಕೂತ ಕೂಡಲೇ ದೀಪ ಆರಿಸುತ್ತೇವೆ. ಕಿಟಕಿಯ ಬೆಳಕು ಬೀಳದ ಹಾಗೆ ಹಳೆಯ ಕೊಡೆಯ ಕಪ್ಪು ಬಟ್ಟೆ ಮುಚ್ಚುತ್ತೇವೆ. ಅಳತೆ ಪುಸ್ತಕದಲ್ಲಿ ಉಷ್ಣಾಂಶದ ಪಕ್ಕ ‘ದೀಪ’ ಎಂದು ಒಂದು ಕಾಲಂ ಇದೆ. ಅದಕ್ಕೆ ಗೆರೆ ಎಳೆದದ್ದು ಅವಳೇ.